ತೊಟ್ಟಿ ತಿಕ್ಕಿದ ವರ್ತಕ

"ತಪ್ಪು ಮಾಡುವವನಿಗೆ ತಪ್ಪು ಎಂದು ಹೇಳುವುದೂ ಅಪರಾಧವೇ, ಬುದ್ಧಿ?"

ಕೇಳಿದವನು ಮಠದ ಹಿರಿಯ ಶಿಷ್ಯ ಶಾಂತವೀರ. ಹೆಸರಿಗಷ್ಟೇ ಶಾಂತ; ಆ ಹೊತ್ತು ಅವನ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು? ಹೊಸದಾಗಿ ಬಂದ ಶಿವನಂಜ ಪಂಕ್ತಿಯಲ್ಲಿ ಬಡಿಸುವಾಗ ಸಾರು ಚೆಲ್ಲುತ್ತಿದ್ದ, ಪೂಜೆಯ ಹೊತ್ತಿಗೆ ತೂಕಡಿಸುತ್ತಿದ್ದ. ಶಾಂತವೀರ ದಿನವೂ ನಾಲ್ಕು ಜನರ ಎದುರಿಗೇ ಅವನನ್ನು ತಿದ್ದಿದ್ದ. ಈಗ ಶಿವನಂಜ ಗಂಟು ಕಟ್ಟಿಕೊಂಡು ಊರಿಗೆ ಹೊರಟು ನಿಂತಿದ್ದಾನೆ, ಮಠದವರೆಲ್ಲ ಶಾಂತವೀರನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಾರೆ. ಒಳ್ಳೆಯದು ಮಾಡಲು ಹೋದವನಿಗೆ ಸಿಗುವ ಮರ್ಯಾದೆ ಇದು!

ಗುರುಗಳು "ಕುಳಿತುಕೋ" ಎಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ತಾಯಿ ಹಾಸಿಗೆ ಹಿಡಿದಿದ್ದಳು. ಮೀನು ಓಡಾಡುವುದನ್ನು ನೋಡುತ್ತಿದ್ದರೆ ಹೇಗೋ ಹೊತ್ತು ಹೋಗುತ್ತದೆ ಎಂದು ಅವಳಿಗೆ ಆಸೆ. ಮಂಚದ ಎದುರಿಗೆ ಗೋಡೆಯುದ್ದದ ಮೀನಿನ ತೊಟ್ಟಿ ಇಡಿಸಬೇಕೆಂದು ವರ್ತಕ ಅಂಗಡಿಗೆ ಹೋದ. ಗಾಜಿನದೋ, ಗಾಜಿನಂತೆಯೇ ಕಾಣುವ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್‌ನದೋ ಎಂದು ಅಂಗಡಿಯವನು ಕೇಳಿದ.

"ಗಾಜಿಗೆ ಅಷ್ಟು ಸುಲಭಕ್ಕೆ ಗೀರು ಬೀಳಲ್ಲ, ಪೆಟ್ಟು ಬಿದ್ರೆ ಒಡೆಯುತ್ತೆ. ಅಕ್ರಿಲಿಕ್ ಪೆಟ್ಟು ತಡೆಯುತ್ತೆ, ಆದ್ರೆ ಬೇಗ ಗೀರು ಬೀಳುತ್ತೆ. ಮೆತ್ತನೆ ಬಟ್ಟೇಲೇ ಒರೆಸಬೇಕು ಸ್ವಾಮಿ."

ವರ್ತಕನ ಮನೆಯಲ್ಲಿ ಚೆಂಡಾಡುವ ಮಕ್ಕಳಿದ್ದರು. ಪೆಟ್ಟು ತಡೆಯುತ್ತದೆ ಎಂಬ ಮಾತು ಅವನ ಕಿವಿಗೆ ಬಿತ್ತು, ಉಳಿದದ್ದು ಬೀಳಲಿಲ್ಲ. ಅಕ್ರಿಲಿಕ್‌ನದನ್ನೇ ತಂದ. ತಾಯಿ ದಿನವೆಲ್ಲ ಮೀನು ನೋಡಿಕೊಂಡು ನಗುತ್ತಿದ್ದಳು.

ಕೆಲವು ದಿನಗಳಲ್ಲಿ ತೊಟ್ಟಿಯ ಒಳಗೆ ಒಂದು ಮೂಲೆಯಲ್ಲಿ ಪಾಚಿ ಕಟ್ಟಿತು. ವರ್ತಕನಿಗೆ ಕೊಳೆ ಎಂದರೆ ಆಗದು. ತೆಂಗಿನ ನಾರು ಹಿಡಿದು ಪಾತ್ರೆ ತಿಕ್ಕುವಂತೆ ತಿಕ್ಕಿದ. ಪಾಚಿ ಹೋಯಿತು, ಗೀರು ಬಂತು. ಪುಣ್ಯಾತ್ಮ ಆ ಗೀರನ್ನೂ ಕೊಳೆಯೆಂದೇ ತಿಳಿದ. ಇನ್ನಷ್ಟು ತಿಕ್ಕಿದ. ಕೊನೆಗೆ ತೊಟ್ಟಿಯ ಮುಖವೆಲ್ಲ ಮಬ್ಬಾಗಿ, ಒಳಗೆ ಮೀನಿದೆಯೋ ಇಲ್ಲವೋ ತಿಳಿಯದಾಯಿತು.

ವರ್ತಕ ಮನೆ ಹಾರಿಹೋಗುವಂತೆ ಕೂಗಾಡಿದ. "ಎಂಥಾ ದರಿದ್ರ ಮಾಲು ತಲೆಗೆ ಕಟ್ಟಿದ್ದಾನೆ ಆ ಅಂಗಡಿಯವನು! ನಾನೇನು ಸುಮ್ನೆ ಕೂತಿದ್ನಾ? ದಿನಾ ಬೆವರು ಸುರಿಸಿ ತಿಕ್ಕಿದ್ದೀನಿ!"

ತಾಯಿ ಮಂಚದ ಮೇಲಿಂದ ಹೇಳಿದಳು: "ಪಾಚಿ ಇದ್ದಾಗ ನಂಗೆ ಮೀನು ಕಾಣ್ತಿತ್ತಪ್ಪ."

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಜಗಲಿಯ ಮೇಲೆ ಶಿವನಂಜ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕುಳಿತಿದ್ದ. ಶಾಂತವೀರನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಹಾಗಾದರೆ ಪಾಚಿಯನ್ನು ಹಾಗೇ ಬಿಡಬೇಕಿತ್ತೇ, ಬುದ್ಧಿ?"

"ಬಿಡಬಾರದು ಮಗು. ಎಲ್ಲಿ, ನಿನ್ನ ಕೈಯಲ್ಲಿ ಏನಿದೆ ತೋರಿಸು, ಮೆತ್ತನೆ ಬಟ್ಟೆಯೋ, ತೆಂಗಿನ ನಾರೋ?"