ಕೆಸರು ದೊರೆಯ ಪಂಚೆ

ಹೊಳೆ ದಂಡೇಲಿ ಒಂದು ಗುಡಿಸಲು, ಒಂದು ಒಗೆಯೋ ಕಲ್ಲು. ಅಷ್ಟೇ ಆಶ್ರಮ. ಅಲ್ಲಿದ್ದ ಗುರುವಿನ ಹೆಸರು ಏನಿತ್ತೋ ಯಾರಿಗೂ ನೆನಪಿಲ್ಲ. ಎಲ್ಲರೂ ಕರೀತಿದ್ದದ್ದು ಅವ್ವ ಅಂತ.

ಅವ್ವ ಊರಿನವರ ಬಟ್ಟೆ ಒಗೀತಿದ್ರು. ಕಲಿಯೋಕೆ ಬಂದವರ ಕೈಲೂ ಒಗೆಸ್ತಿದ್ರು. ಪಾಠ ಅಂತ ಬೇರೆ ಏನೂ ಇರಲಿಲ್ಲ.

ಕೇತಯ್ಯ ಅಲ್ಲಿ ಹನ್ನೆರಡು ವರ್ಷ ಬಟ್ಟೆ ಒಗೆದಿದ್ದ. ಆಮೇಲೆ ಹೊಳೆನಾಡಿನ ಜನ ಅವನನ್ನ ದೊರೆ ಮಾಡಿದ್ರು. ಆ ನಾಡಲ್ಲಿ ದೊರೇನ ಜನಾನೇ ಆರಿಸೋದು.

ಅವತ್ತು ಬೆಳಿಗ್ಗೆ ಅವನು ಬಿರಬಿರನೆ ನಡ್ಕೊಂಡು ಅವ್ವನ ಹತ್ರ ಬಂದ. ಸೊಂಟದಲ್ಲಿ ಕೆಸರು ಮೆತ್ತಿದ ಪಂಚೆ. ಹಿಂದೆ ಸಭೆಯ ಹಿರಿಯ ಬೊಪ್ಪಣ್ಣ, ಏದುಸಿರು ಬಿಡ್ತಾ, ಒಂದು ರೇಷ್ಮೆ ಗಂಟನ್ನ ಮಗು ಥರ ಎತ್ಕೊಂಡು.

"ಅವ್ವಾ, ನೀವೇ ಹೇಳಿ ಇವರಿಗೆ," ಅಂದ ಕೇತಯ್ಯ. "ನಾನು ಇದನ್ನ ಹಾಕಲ್ಲ. ಹಾಕಲ್ಲ ಅಂದ್ರೆ ಹಾಕಲ್ಲ."

"ಯಾವುದನ್ನ?"

ಬೊಪ್ಪಣ್ಣ ಗಂಟು ಬಿಚ್ಚಿದ್ರು. ಒಳಗೆ ಕಾಲಿನ ತನಕ ಬರೋ ಜರಿ ನಿಲುವಂಗಿ. ಬಿಸಿಲು ಬಿದ್ದದ್ದೇ ತಡ, ಕಣ್ಣು ಕುಕ್ಕೋ ಹಾಗೆ ಹೊಳೀತು.

"ಆ ದಡದ ಮಹಾರಾಜರು ಕಳಿಸಿದ್ದು," ಅಂದ್ರು ಬೊಪ್ಪಣ್ಣ. "ನಮ್ಮ ಅಂಬಿಗರನ್ನ ಬಿಡಿಸ್ಕೊಳ್ಳೋಕೆ ಇವತ್ತು ಮಧ್ಯಾಹ್ನ ಆಸ್ಥಾನಕ್ಕೆ ಬರಬೇಕಂತೆ. ಇದನ್ನ ಹಾಕ್ಕೊಂಡೇ ಬರಬೇಕಂತೆ. ಇಲ್ಲಾಂದ್ರೆ ಬಾಗಿಲು ತೆಗೆಯಲ್ವಂತೆ."

ಅವ್ವ ಹೊಳೆ ಆಚೆ ನೋಡಿದ್ರು. ಆ ದಡದಲ್ಲಿ ಅರಮನೆ. ಅರಮನೆ ಪಕ್ಕದಲ್ಲಿ ಸೆರೆಮನೆ. ಅದರೊಳಗೆ ಹೊಳೆನಾಡಿನ ಮೂವತ್ತೆರಡು ಜನ ಅಂಬಿಗರು. ಹೋದ ತಿಂಗಳು ಪ್ರವಾಹದಲ್ಲಿ ಅವರ ದೋಣಿಗಳು ಕೊಚ್ಕೊಂಡು ಹೋಗಿ ಆ ದಡ ಮುಟ್ಟಿದ್ವು. ಕೇಳದೆ ನಮ್ಮ ನೆಲಕ್ಕೆ ಕಾಲಿಟ್ರಿ ಅಂತ ಮಹಾರಾಜ ಅಷ್ಟೂ ಜನರನ್ನ ಒಳಗೆ ಹಾಕಿದ್ದ.

ಅದೇ ಪ್ರವಾಹದಲ್ಲಿ ಈ ದಡದ ಏರಿ ಒಡೆದಿತ್ತು. ಆವತ್ತು ಕೇತಯ್ಯ ರಾಜಉಡುಪು ಬಿಚ್ಚಿಟ್ಟು, ಪಂಚೆ ಎತ್ತಿ ಕಟ್ಟಿ, ಅಂಬಿಗರ ಹೆಂಡಿರು ಮಕ್ಕಳ ಜೊತೆ ಮಣ್ಣು ಹೊತ್ತ. ಅವರು ವಾಪಸ್ ಬರೋ ತನಕ ಇದೇ ನನ್ನ ಬಟ್ಟೆ ಅಂದ. ಜನ ಅವನನ್ನ ಕೆಸರು ದೊರೆ ಅಂತ ಕರೆದ್ರು. ಹಾಗೆ ಕರೆದಾಗೆಲ್ಲ ಅವನ ಎದೆ ಒಂದಿಷ್ಟು ಉಬ್ತಿತ್ತು.

"ಎಂಥೆಂಥ ದೊರೆಗಳು ಹಾಕಿದ ನಿಲುವಂಗಿ ಗೊತ್ತಾ ಇದು!" ಅಂದ್ರು ಬೊಪ್ಪಣ್ಣ. "ಗುಡ್ಡನಾಡಿನ ದೊರೆ ಹಾಕಿದ್ರು. ಮರಳುನಾಡಿನ ದೊರೆ ಹಾಕಿದ್ರು. ಯಾರನ್ನ ಕರೆಸಿದ್ರೂ ಮಹಾರಾಜರು ಇದನ್ನೇ ಕಳಿಸೋದು. ಹಾಕ್ಕೊಂಡವರು ಒಗೆಸಿ ವಾಪಸ್ ಕೊಡಬೇಕು, ಅಷ್ಟೇ. ಈ ಕೆಸರು ಪಂಚೇಲಿ ಹೋದ್ರೆ ಅಲ್ಲಿ ನಾಯಿನೂ ಮೂಸಲ್ಲ ಸ್ವಾಮಿ. ನಗೋದು ನಿಮ್ಮನ್ನ ನೋಡಿ ಅಲ್ಲ, ನಮ್ಮ ನಾಡನ್ನ ನೋಡಿ."

"ನಗಲಿ!" ಅಂದ ಕೇತಯ್ಯ. "ನಮ್ಮ ಜನ ಕೆಸರಲ್ಲಿದ್ದಾರೆ. ನಾನೂ ಕೆಸರಲ್ಲೇ ಹೋಗ್ತೀನಿ. ಅವನ ಕಣ್ಣಿಗೆ ರಾಚಬೇಕು ಇದು."

ದಂಡೇಲಿ ಒಂದು ದೋಣಿ ಕಾಯ್ತಾ ಇತ್ತು. ಹುಟ್ಟು ಹಿಡಿದು ಕೂತಿದ್ದವಳು ಸಂಕವ್ವ. ಅವಳ ಗಂಡ ಆ ಮೂವತ್ತೆರಡು ಜನರಲ್ಲಿ ಒಬ್ಬ.

"ಏನಾದ್ರೂ ಉಟ್ಕೊಳ್ರಪ್ಪ," ಅಂತ ಅವಳು ಅಲ್ಲಿಂದಲೇ ಕೂಗಿದ್ಲು. "ಬೇಕಿದ್ರೆ ಬಾಳೆಎಲೆ ಸುತ್ಕೊಳ್ಳಿ. ನನ್ನ ಗಂಡನ್ನ ಕರ್ಕೊಂಡು ಬನ್ನಿ ಸಾಕು."

ಅವ್ವ ಕೇತಯ್ಯನ ಪಂಚೆ ಅಂಚನ್ನ ಎರಡು ಬೆರಳಲ್ಲಿ ಹಿಡಿದು ತಿಕ್ಕಿದ್ರು. ಬಗ್ಗಿ ಮೂಸಿ ನೋಡಿದ್ರು.

"ಏರಿ ಕೆಲಸ ಯಾವತ್ತು ಮುಗೀತು ಕೇತ?"

"ಎಂಟು ದಿನ ಆಯ್ತು ಅವ್ವ."

"ಈ ಕೆಸರು ನಿನ್ನೆದು."

ಕೇತಯ್ಯ ಅಂಚನ್ನ ಹಿಂದಕ್ಕೆ ಎಳ್ಕೊಳ್ಳೋಕೆ ನೋಡಿದ, ಅವ್ವ ಬಿಡಲಿಲ್ಲ.

"ಅಡಿಗಿರೋ ಕೆಸರಲ್ಲಿ ಬೆವರಿದೆ. ನೂಲಿನ ಒಳಗೆ ಇಳಿದು ಕೂತಿದೆ. ಮೇಲಿರೋದ್ರಲ್ಲಿ ಬೆವರಿಲ್ಲ. ಬಳಿದಿರೋದು ಅದು. ಇಲ್ನೋಡು, ನಾಲ್ಕು ಬೆರಳು ಮೂಡಿವೆ."

ದೋಣಿಯಿಂದ ಕಿಸಕ್ಕನೆ ನಗು ಕೇಳಿಸ್ತು. ಬೊಪ್ಪಣ್ಣ ಕೆಮ್ಮಿದ್ರು.

ಕೇತಯ್ಯನ ಕಿವಿ ಸುಟ್ಟ ಹಾಗಾಯ್ತು. ನಿನ್ನೆ ಸಂಜೆ ಪಂಚೆ ನೋಡ್ಕೊಂಡಿದ್ದ. ಹಳೇ ಕೆಸರು ಒಣಗಿ ಹಕ್ಕಳೆ ಹಕ್ಕಳೆಯಾಗಿ ಉದುರ್ತಿತ್ತು. ಹೀಗೇ ಹೋದ್ರೆ ಇವನೂ ಒಬ್ಬ ಕೊಳಕ ಅನ್ಕೋತಾರೆ ಅಷ್ಟೇ ಅನ್ನಿಸಿತ್ತು. ಏರಿ ಹಿಂದಿನ ಹೊಂಡದ ಹತ್ರ ಹೋಗಿ, ಅತ್ತ ಇತ್ತ ನೋಡಿ, ಒಂದು ಹಿಡಿ ತಗೊಂಡು ಸವರಿದ್ದ. ಯಾರೂ ನೋಡಿಲ್ಲ ಅಂದ್ಕೊಂಡಿದ್ದ.

"ಅವರಿಗೆ ಗೊತ್ತಾಗಲಿ ಅಂತ ಅವ್ವ," ಅಂದ, ದನಿ ಸಣ್ಣ ಮಾಡಿ. "ನಮ್ಮ ಜನ ಎಷ್ಟು ಕಷ್ಟ ಪಟ್ಟಿದ್ದಾರೆ ಅಂತ."

"ಅದನ್ನ ಹೇಳೋಕೆ ನಿನಗೆ ಬಾಯಿಲ್ವಾ?"

ಕೇತಯ್ಯ ಆ ಬೆರಳ ಗುರುತನ್ನ ಅಂಗೈಯಿಂದ ಮುಚ್ಕೊಂಡ.

"ಬಿಚ್ಚು," ಅಂದ್ರು ಅವ್ವ. "ಒಗಿ."

"ಅವ್ವಾ, ದೋಣಿ ಹೊರಡೋ ಹೊತ್ತು!"

"ಹನ್ನೆರಡು ವರ್ಷ ಕಲಿಸಿದ್ದೀನಿ. ಒಂದು ಪಂಚೆ ಒಗೆಯೋಕೆ ಎಷ್ಟು ಹೊತ್ತು ಬೇಕು ಅಂತ ನನಗೆ ಗೊತ್ತು."

ಹೊಳೆನಾಡಿನ ದೊರೆ ಅವ್ವ ಕೊಟ್ಟ ಒಂದು ತುಂಡು ಬಟ್ಟೆ ಸುತ್ಕೊಂಡು, ಮೊಣಕಾಲುದ್ದ ನೀರಲ್ಲಿ ನಿಂತು ಪಂಚೆ ಒಗೆದ. ಮೊದಲನೇ ಸಲ ಕಲ್ಲಿಗೆ ಬಡಿದಾಗಲೇ ನಿನ್ನೆ ಕೆಸರು ಹೊರಟು ಹೋಯ್ತು. ಏರಿ ಕೆಸರು ಹೋಗೋಕೆ ಕೈ ಸೋತು ಹೋಯ್ತು. ಪೂರ್ತಿ ಹೋಗಲೂ ಇಲ್ಲ. ಒಣಗಿದ ಎಲೆ ಬಣ್ಣದ್ದು ತೆಳ್ಳಗೆ ಒಂದು ಕಲೆ ಉಳೀತು.

ಅದನ್ನ ತಿಕ್ತಾ ತಿಕ್ತಾ ಅವನು ಒಂದು ಸಲ ಕೈ ನಿಲ್ಲಿಸಿದ. ಆಮೇಲೆ ಹಾಗೇ ಬಿಟ್ಟ.

ಅಷ್ಟರಲ್ಲಿ ಅವ್ವ ಗುಡಿಸಲೊಳಗಿಂದ ಒಂದು ದೊಡ್ಡ ಬಟ್ಟೆ ಗಂಟು ತಂದು ದೋಣೀಲಿ ಇಟ್ರು.

"ಏನವ್ವ ಅದು?" ಅಂದ್ಲು ಸಂಕವ್ವ.

"ಮೂವತ್ತೆರಡು ಪಂಚೆ. ಒಗೆದು ಮಡಚಿದ್ದೀನಿ. ತಿಂಗಳಿಂದ ಒಂದೇ ಬಟ್ಟೇಲಿ ಇದ್ದಾರೆ ಪಾಪ. ಮನೆಗೆ ಬರುವಾಗ ಮಡಿ ಉಟ್ಕೊಂಡು ಬರಲಿ."

ಸಂಕವ್ವ ಗಂಟಿನ ಮೇಲೆ ಕೈ ಇಟ್ಲು.

ಕೇತಯ್ಯ ಒದ್ದೆ ಪಂಚೇನೇ ಹಿಂಡಿ ಉಟ್ಕೊಂಡು ಮೇಲೆ ಬಂದ. ಬೊಪ್ಪಣ್ಣನಿಗೆ ಜೀವ ಬಂದ ಹಾಗಾಯ್ತು. "ನೋಡಿದ್ರಾ ಸ್ವಾಮಿ, ಅವ್ವನೂ ನನ್ನ ಕಡೆ," ಅಂತ ನಿಲುವಂಗಿ ಎತ್ತಿ ಹಿಡಿದ್ರು.

"ಇಲ್ಲಿ ಕೊಡಪ್ಪ ಅದನ್ನ," ಅಂದ್ರು ಅವ್ವ.

ಅವ್ವ ನಿಲುವಂಗಿಯನ್ನ ಒಳಗು ಹೊರಗು ಮಾಡಿದ್ರು. ಒಗೆಯೋರು ಯಾವ ಬಟ್ಟೇನೂ ಮೊದಲು ನೋಡೋದೇ ಹಾಗೆ, ಒಳಗಿನಿಂದ. ಕೊರಳಪಟ್ಟಿ ನೋಡಿದ್ರು. ಕಂಕುಳು ನೋಡಿದ್ರು. ಆಮೇಲೆ ಕೆಳಗೆ ಬಂದು, ಕಲ್ಲಿನ ಮೇಲೆ ಹರಡಿ, ಎರಡು ಕಡೆ ಬೆರಳಿಟ್ರು.

"ಕೇತ, ಬಾ ಇಲ್ಲಿ. ಏನು ಕಾಣುತ್ತೆ?"

ಕೇತಯ್ಯ ಬಗ್ಗಿ ನೋಡಿದ. ಹೊರಗಿನಿಂದ ಜರಿ ಮುಚ್ಚಿತ್ತು. ಒಳಗಿನಿಂದ ಬಟ್ಟೆ ಜರಡಿ ಥರ ಆಗಿತ್ತು. ಅದರ ಮೇಲೆ ಹೊಲಿಗೆ. ಹೊಲಿಗೆ ಮೇಲೆ ಹೊಲಿಗೆ. ಬೇರೆ ಎಲ್ಲೂ ಸವೆದಿರಲಿಲ್ಲ, ಆ ಎರಡೇ ಜಾಗ.

"ಮಂಡಿ," ಅಂದ ಅವನು.

"ಮೊಣಕೈ ನೋಡು."

"ಹೊಸದಿದ್ದ ಹಾಗೇ ಇದೆ."

ಬೊಪ್ಪಣ್ಣ ಕಣ್ಣು ಕೆಳಗೆ ಮಾಡಿದ್ರು. "ಅದು... ಅಲ್ಲಿನ ಪದ್ಧತಿ ಅಂತೆ. ಬಾಗಿಲಿಂದ ಸಿಂಹಾಸನದ ತನಕ ಮಂಡೀಲೇ ಹೋಗ್ತಾರಂತೆ. ಕೇಳಿದ್ದೆ. ಹೇಳೋಕೆ ಬಾಯಿ ಬರಲಿಲ್ಲ."

"ಹೋದವರು ಕೇಳಿದ್ದು ಸಿಕ್ತಾ?" ಅಂದ್ರು ಅವ್ವ.

"ಗುಡ್ಡನಾಡಿನವರಿಗೆ ಮತ್ತೆ ಬನ್ನಿ ಅಂದ್ರಂತೆ. ಮರಳುನಾಡಿನವರಿಗೂ ಮತ್ತೆ ಬನ್ನಿ ಅಂದ್ರಂತೆ."

ಕೇತಯ್ಯನ ಮೈಯೆಲ್ಲ ಉರೀತು. "ಹಾಗಾದ್ರೆ ನಾನು ಹೇಳಿದ್ದೇ ಸರಿ! ಇದನ್ನ ಮುಟ್ಟಲ್ಲ ನಾನು. ಒದ್ದೆ ಪಂಚೇಲೇ ಹೋಗ್ತೀನಿ."

"ಹೋಗು. ಬಾಗಿಲು ತೆಗೆಯಲ್ಲ. ವಾಪಸ್ ಬಾ. ಊರವರು ನಿನ್ನ ಹೊತ್ಕೊಂಡು ಕುಣೀತಾರೆ." ಅವ್ವ ದೋಣಿ ಕಡೆ ಕೈ ತೋರಿಸಿದ್ರು. "ಆ ಗಂಟನ್ನ ನಾನು ವಾಪಸ್ ಗುಡಿಸಲೊಳಗೆ ಇಡ್ತೀನಿ."

ಕೇತಯ್ಯ ಗಂಟು ನೋಡಿದ. ಅದರ ಮೇಲಿದ್ದ ಸಂಕವ್ವನ ಕೈ ನೋಡಿದ. ಅವಳು ಅವನ ಮುಖಾನೇ ನೋಡ್ತಿದ್ಲು. ಈಗ ನಗ್ತಿರಲಿಲ್ಲ.



"ಬೊಪ್ಪಣ್ಣೋರೇ," ಅಂದ ಅವನು ಕೊನೆಗೆ. "ಮಹಾರಾಜರ ಓಲೇಲಿ ಏನಂತ ಬರೆದಿದೆ? ಇನ್ನೊಂದು ಸಲ ಓದಿ."

ಬೊಪ್ಪಣ್ಣ ಸೊಂಟದಿಂದ ಓಲೆ ತೆಗೆದು ಓದಿದ್ರು. "ನಿಲುವಂಗಿ ತೊಟ್ಟು ಬರತಕ್ಕದ್ದು. ತೊಡದೆ ಬಂದವರಿಗೆ ಪ್ರವೇಶವಿಲ್ಲ."

"ಮಂಡಿ ವಿಷಯ?"

ಬೊಪ್ಪಣ್ಣ ಓಲೆಯನ್ನ ಹಿಂದೆ ಮುಂದೆ ತಿರುಗಿಸಿದ್ರು. "ಬರೆದಿಲ್ಲ. ಬರೆಯೋ ಅಗತ್ಯ ಬಿದ್ದಿಲ್ಲ ಅನ್ಸುತ್ತೆ. ಇಷ್ಟು ವರ್ಷ ಎಲ್ಲರೂ ತಾವಾಗೇ ಊರಿದ್ದಾರೆ."

"ಊರದೇ ಇದ್ರೆ?"

"ನನಗೇನು ಗೊತ್ತು ಸ್ವಾಮಿ? ಯಾರೂ ನಿಂತು ನೋಡಿಲ್ಲ. ಮೂವತ್ಮೂರನೆಯವರಾಗಿ ನಿಮ್ಮನ್ನೂ ಒಳಗೆ ಹಾಕಬಹುದು."

"ಹಾಕಿದ್ರೆ ಹಾಕಲಿ. ನಮ್ಮವರ ಜೊತೇಲೇ ತಾನೇ ಇರೋದು?"

ಕೇತಯ್ಯ ಎರಡೂ ಕೈ ಚಾಚಿದ. ಬೊಪ್ಪಣ್ಣ ನಿಲುವಂಗಿ ತೊಡಿಸಿದ್ರು. ಗುಂಡಿ ಹಾಕೋಕೆ ಮೂರು ಸಲ ಆಯ್ತು. ಅದು ಭಾರದ ಬಟ್ಟೆ. ಒದ್ದೆ ಪಂಚೆ ಒಳಗಿನಿಂದ ಕಾಲಿಗೆ ಅಂಟಿ ತಣ್ಣಗೆ ಕೊರೀತಿತ್ತು.

ಅವನು ಅವ್ವನ ಕಾಲು ಮುಟ್ಟೋಕೆ ಬಗ್ಗಿದ.

ಅವ್ವ ಭುಜ ಹಿಡಿದು ನಿಲ್ಲಿಸಿದ್ರು. "ಇವತ್ತು ನನಗೂ ಬೇಡ."

ಅವನು ದೋಣಿ ಹತ್ತಿದ. ಕೂರಲಿಲ್ಲ. ಸಂಕವ್ವ ಹುಟ್ಟು ಹಾಕಿದ್ಲು. ಜರಿ ಬಿಸಿಲಿಗೆ ಧಗಧಗ ಹೊಳೀತು, ಆ ದಡದ ಕಾವಲುಗಾರರು ಎದ್ದು ನಿಂತು ಈ ಕಡೆ ನೋಡೋ ಹಾಗೆ.

ದೋಣಿ ನಡುಹೊಳೆ ಮುಟ್ಟಿದಾಗ ಅವನು ತಿರುಗಿ ನೋಡಿದ. ಅವ್ವ ಇನ್ನೂ ಕಲ್ಲಿನ ಹತ್ರಾನೇ ನಿಂತಿದ್ರು. ಬಾಯಿಗೆ ಎರಡೂ ಕೈ ಅಡ್ಡ ಇಟ್ಟು ಕೂಗಿದ್ರು.

"ಕೇತಾ! ಅದನ್ನ ಒಗೆಯೋಕೆ ನನ್ನ ಹತ್ರಾನೇ ತರಬೇಕು ನೀನು. ನಾನು ಮೊದಲು ಮಂಡಿ ನೋಡ್ತೀನಿ!"