ಮುಗಿಯದ ಬಿಸಿನೀರು

"ಗುರುಗಳೇ, ಯಾರೂ ಬಂದು ಕದಡದ ಒಂದು ಕೋಣೆ ನನಗೆ ಬೇಕು. ಒಳಗಿನಿಂದ ಚಿಲಕ ಹಾಕಿಕೊಂಡು ಕೂತರೆ ಮನಸ್ಸು ನಿಲ್ಲುತ್ತದೆ. ಹೀಗೆ ಬಯಸುವುದು ತಪ್ಪೇ?" ಎಂದು ಗುರುಶಾಂತ ಕೇಳಿದ. ಮಠದ ಉಳಿದ ಶಿಷ್ಯರೊಡನೆ ಅವನು ಮಾತು ಬಿಟ್ಟು ತಿಂಗಳಾಗಿತ್ತು.

ಗುರು ಚನ್ನಮಲ್ಲಯ್ಯ ನಕ್ಕರು. "ತಪ್ಪೇನು ಬಂತು ಮಾರಾಯ? ಒಂದು ಕತೆ ಹೇಳುತ್ತೇನೆ, ಕೇಳು. ಇದನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಏಳು ಜಿಲ್ಲೆಯಲ್ಲಿಲ್ಲ. ಎಂಟನೆಯದಕ್ಕೆ ನಾನಿನ್ನೂ ಹೋಗಿಲ್ಲ. ಹಿಂದೊಮ್ಮೆ ಹೇಳಿದಾಗ ಈ ಕಲ್ಲುಕಂಬವೇ ಬಾಯಿ ಬಿಟ್ಟುಬಿಟ್ಟಿತು. ಮುಚ್ಚಿಸಲು ಗಾರೆಯವನನ್ನು ಕರೆಸಬೇಕಾಯಿತು."

ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅವನ ಬಚ್ಚಲಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಸೌದೆ ಒಲೆ. ಹೊಗೆಗೆ ಮನೆಯವರೆಲ್ಲರ ಕಣ್ಣೂ ಕೆಂಪು. ಮಗಳು ಮೊದಲ ಹೆರಿಗೆಗೆ ತವರಿಗೆ ಬಂದಳು. ಬಾಣಂತಿಗೆ ಹೊಗೆ ಬೇಡವೆಂದು ಅವನು ಹಂಡೆ ಕೀಳಿಸಿದ, ಗ್ಯಾಸ್ ಗೀಸರ್ ತಂದ. ಅದಕ್ಕೆ ಟ್ಯಾಂಕೇ ಇಲ್ಲ. ನಲ್ಲಿ ತಿರುಗಿಸಿದರೆ ಉರಿ ಹತ್ತುತ್ತದೆ. ನೀರು ಹರಿಯುತ್ತ ಹರಿಯುತ್ತಲೇ ಕಾಯುತ್ತದೆ. ಎಷ್ಟು ಬಿಟ್ಟರೂ ಮುಗಿಯುವುದಿಲ್ಲ.

ಅದನ್ನು ಕೂರಿಸಲು ಬಂದ ಮೆಕ್ಯಾನಿಕ್ ಹೇಳಿದ: "ಯಜಮಾನ್ರೇ, ಇದನ್ನ ಹೊರಗೋಡೆಗೆ ಹಾಕೋಣ. ಒಳಗೇ ಬೇಕು ಅಂದ್ರೆ ಆ ಬೆಳಕಿಂಡಿ ಯಾವತ್ತೂ ಮುಚ್ಚಬೇಡಿ. ಈ ಉರಿ ಒಳಗಿನ ಗಾಳಿ ತಿಂದು ವಿಷ ಉಗುಳುತ್ತೆ. ಕಣ್ಣಿಗೆ ಕಾಣಲ್ಲ, ಮೂಗಿಗೆ ಗೊತ್ತಾಗಲ್ಲ. ನಿಂತವರು ನಿಂತಲ್ಲೇ ಬೀಳ್ತಾರೆ."

"ಹೊರಗೆ ಹಾಕಿದ್ರೆ ಬಿಸಿಲಿಗೆ ಹೊಳಪು ಹೋಗುತ್ತಪ್ಪ. ಒಳಗೇ ಇರಲಿ," ಎಂದ ವ್ಯಾಪಾರಿ. ಪಾತ್ರೆ ಮಾರುವವನ ಬುದ್ಧಿ.

ಹೆರಿಗೆಯಾಯಿತು. ಬಾಣಂತಿಗೆ ನೀರು ಹಾಕುವವಳು ವ್ಯಾಪಾರಿಯ ತಾಯಿ. ಬಾಣಂತಿಯ ಮೈಗೆ ಗಾಳಿ ಸೋಕಬಾರದು ಎಂಬುದು ಮುದುಕಿಯ ವ್ರತ. ಹಂಡೆಯ ಕಾಲದಲ್ಲೂ ಅವಳು ಬೆಳಕಿಂಡಿ ಮುಚ್ಚಲು ನೋಡಿದ್ದುಂಟು. ಹೊಗೆ ತುಂಬಿ, ಕೆಮ್ಮುತ್ತ ತಾನೇ ತೆರೆಯುತ್ತಿದ್ದಳು. ಈಗ ಹೊಗೆಯಿಲ್ಲ. ಹಳೆಯ ಸೀರೆಯೊಂದನ್ನು ಮಡಚಿ ಬೆಳಕಿಂಡಿಗೆ ತುರುಕಿದಳು. ವ್ಯಾಪಾರಿ ಅದನ್ನು ಕಂಡ. ಒಂದು ಸ್ನಾನ ತಾನೇ ಅಂದುಕೊಂಡು ಸುಮ್ಮನಾದ. ಅಜ್ಜಿ, ಮೊಮ್ಮಗಳು ಒಳಗೆ ಹೋದರು. ಚಿಲಕ ಬಿತ್ತು.

ಹಂಡೆ ಬರಿದಾದರೆ ಸ್ನಾನ ಮುಗಿಯುತ್ತಿತ್ತು. ಇಲ್ಲಿ ಮುಗಿಸುವವರು ಯಾರು? ವ್ಯಾಪಾರಿ ಜಗಲಿಯಲ್ಲಿ ಪಕ್ಕದ ಮನೆಯವನನ್ನು ಕೂರಿಸಿಕೊಂಡು ಹೇಳಿದ: "ಸದ್ದು ಕೇಳಿದಿರಾ? ಅರ್ಧ ಗಂಟೆ ಆಯ್ತು. ಇನ್ನೂ ಕಾದೇ ಬರ್ತಿದೆ!"

ಕೂಸು ಅತ್ತಿತು. ವ್ಯಾಪಾರಿಯ ಹೆಂಡತಿ ಅದನ್ನೆತ್ತಿಕೊಂಡು ಬಚ್ಚಲ ಬಾಗಿಲಿಗೆ ಹೋಗಿ ಮಗಳನ್ನು ಕೂಗಿದಳು. ನೀರಿನ ಸದ್ದು. ಮತ್ತೆ ಕೂಗಿದಳು. ನೀರಿನ ಸದ್ದು.

"ಸುಖವಾಗಿ ಮೀಯಲಿ ಬಿಡೇ," ಎಂದ ವ್ಯಾಪಾರಿ ಕೂತಲ್ಲಿಂದಲೇ.

"ನಿಮ್ಮ ಸುಖಕ್ಕಿಷ್ಟು ಬೆಂಕಿ ಹಾಕ! ಕೂಸು ಅತ್ತರೆ ಬಿದ್ದೆದ್ದು ಬರೋಳು ಅವಳು. ಎರಡು ಸಲ ಕೂಗಿದೆ, ಹೂಂ ಅನ್ನಲ್ಲ. ಅತ್ತೇನೂ ಅನ್ನಲ್ಲ. ಒಡೀರಿ ಬಾಗಿಲು!"

ವ್ಯಾಪಾರಿಗೆ ಆ ಸೀರೆ ನೆನಪಾಯಿತು.

"ಇಲ್ಲಿ ಬಾಗಿಲು ಒಡೆದವನು ನಾನೇ ಎನ್ನಲು ನಾಲಗೆ ತುರಿಸುತ್ತದೆ," ಎಂದರು ಗುರು. "ಬೇರೆ ದಿನವಾಗಿದ್ದರೆ ಕಿರುಬೆರಳಲ್ಲಿ ಒಡೆದೆ ಎನ್ನುತ್ತಿದ್ದೆ."

ಗುರುಶಾಂತ ನಗಲಿಲ್ಲ. "ಮುಂದೆ?"

ತೇಗದ ಬಾಗಿಲು. ಮೊದಲ ಗುದ್ದಿಗೆ ಅಲುಗಲಿಲ್ಲ. ಎರಡನೆಯದಕ್ಕೆ ವ್ಯಾಪಾರಿಯ ಭುಜ ಜಾರಿತು, ಬಾಗಿಲು ಜಾರಲಿಲ್ಲ. ಪಕ್ಕದ ಮನೆಯವನೂ ಹೆಗಲು ಕೊಟ್ಟ. ಚಿಲಕ ಕಿತ್ತು ಬಂತು. ಮುದುಕಿ ಗೋಡೆಗೊರಗಿ ಕುಸಿದಿದ್ದಳು, ಕೈಯಲ್ಲಿ ಚೊಂಬು ಹಾಗೆಯೇ ಇತ್ತು. ಮಗಳು ನಲ್ಲಿಯ ಬುಡದಲ್ಲಿ ಬಿದ್ದಿದ್ದಳು, ಅವಳ ಕಾಲಮೇಲೆ ಬಿಸಿನೀರು ಹರಿಯುತ್ತಲೇ ಇತ್ತು. ನೀಲಿ ಉರಿ ಸದ್ದಿಲ್ಲದೆ ಉರಿಯುತ್ತಿತ್ತು.

ಇಬ್ಬರನ್ನೂ ಅಂಗಳಕ್ಕೆ ಎಳೆದು ತಂದರು. ಬಾಣಂತಿ ಬಟ್ಟಬಯಲಲ್ಲಿ, ಒದ್ದೆ ಬಟ್ಟೆಯಲ್ಲಿ, ಬೀಸುವ ಗಾಳಿಯಲ್ಲಿ ಮಲಗಿದಳು. ಕೇರಿಯ ಹೆಂಗಸರು ಮೊರ ತಂದು ಬೀಸಿದರು. ವ್ಯಾಪಾರಿಯ ಹೆಂಡತಿ ಮಗಳ ಮೂಗಿನ ಹತ್ತಿರ ಬೆರಳು ಹಿಡಿದು ಕೂತಳು. ಬೆರಳಿಗೆ ಏನೂ ತಾಗಲಿಲ್ಲ. ಬೀಸಿದರು. ತಾಗಲಿಲ್ಲ. ಆಮೇಲೆ ಮಗಳು ಕೆಮ್ಮಿದಳು. ಬಹಳ ಹೊತ್ತಿಗೆ ಮುದುಕಿಯೂ ಕಣ್ಣು ಬಿಟ್ಟಳು. ಬಿಟ್ಟವಳೇ, "ಯಾವಳೇ ಅದು, ಬಾಣಂತಿಗೆ ಗಾಳಿ ಹಾಕೋಳು!" ಎಂದು ಗದರಿದಳು. ಇಬ್ಬರನ್ನೂ ಆಸ್ಪತ್ರೆಗೆ ಒಯ್ದರು. ಉಳಿದರು.

ಗುರುಶಾಂತ ಹಿಡಿದಿದ್ದ ಉಸಿರು ಬಿಟ್ಟ. "ಸದ್ಯ, ಬದುಕಿದರಲ್ಲ. ನನ್ನ ಕೋಣೆಯಲ್ಲಿ ಗೀಸರ್ ಇರುವುದಿಲ್ಲ ಗುರುಗಳೇ, ಕೀಲಿ ಕೊಡಬಹುದು," ಎಂದು ಕೈ ಚಾಚಿದ.

ಗುರು ಸೊಂಟದಿಂದ ಕೀಲಿ ಬಿಚ್ಚಿ ಅವನ ಅಂಗೈಯ ಮೇಲೆ ಹಿಡಿದರು. "ಒಳಗಿನಿಂದ ನೀನು ಹೂಂ ಅನ್ನದ ದಿನ ಬಾಗಿಲು ಒಡೆಯುವವರ ಒಂದು ಹೆಸರು ಹೇಳು, ತೆಗೆದುಕೋ."