ಸತ್ತಿಗೆಯವನ ಕೆರೆ

ಕರೆಕಲ್ಲಹಟ್ಟಿಯ ಕೆರೆಯ ಬಳಿ ಇಲಾಖೆಯ ಫಲಕವೊಂದಿದೆ. ಕೆರೆಯನ್ನು ಕಟ್ಟಿಸಿದವನು ಸರ್ಜಪ್ಪನಾಯಕ ಎಂದು ಅದು ಹೇಳುತ್ತದೆ. ನಾಯಕ ಒಂದು ಬುಟ್ಟಿ ಮಣ್ಣು ಹೊತ್ತಿದ್ದನ್ನು ಕಂಡವರಿಲ್ಲ, ಇರಲಿ. ಊರವರು ಮಾತ್ರ ಇದನ್ನು ಸತ್ತಿಗೆಯವನ ಕೆರೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಆ ನಾಯಕ ಈ ಸೀಮೆ ಆಳುತ್ತಿದ್ದಾಗ, ಅವನ ತಲೆಯ ಮೇಲೆ ಸತ್ತಿಗೆ, ಎಂದರೆ ಜರಿಯ ದೊಡ್ಡ ಕೊಡೆ, ಹಿಡಿಯುವುದು ಕಾಟಯ್ಯನ ಕೆಲಸವಾಗಿತ್ತು. ಕೆರೆ ಕಾಯಲು ನೀರುಗಂಟಿ ಬೇರೆ ಇದ್ದ. ಅವನಿಗೆ ಕೆಂಪು ರುಮಾಲೂ ಇತ್ತು. ನಾಯಕ ಉಂಡು ಮಲಗಿದ ಹೊತ್ತಿನಲ್ಲಿ ಕಾಟಯ್ಯ ಏರಿಯುದ್ದಕ್ಕೂ ಅಡ್ಡಾಡಿ, ಏಡಿ ಕೊರೆದ ಬಿಲಗಳಿಗೆ ಜೇಡಿಮಣ್ಣು ಮೆತ್ತುತ್ತಿದ್ದ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಏರಿಯ ಕೆಳಗೇ ಅವನ ಹಟ್ಟಿ ಇತ್ತು, ಅಷ್ಟೆ.

ಒಂದು ವರ್ಷ ಕೆರೆ ಕೋಡಿ ಬಿತ್ತು. ನಾಯಕ ಬಾಗಿನ ಬಿಡಲು ಬಂದ. ಬಾಗಿನ ಮುಗಿಯುವ ಮುನ್ನ ಸತ್ತಿಗೆಯ ನೆರಳು ನಾಯಕನ ತಲೆ ಬಿಟ್ಟು ಸರಿದರೆ, ಹಿಡಿದವನ ಕೈ ಕಡಿಯಬೇಕೆಂಬುದು ಕಟ್ಟಳೆ. ಮಂತ್ರ ನಡೆದಿತ್ತು. ಕಾಟಯ್ಯ ಏರಿಯ ಹಿಂಬದಿಗೆ ಕಣ್ಣು ಹಾಯಿಸಿದ. ಅಲ್ಲಿ ತಿಳಿನೀರು ಜಿನುಗಿದರೆ ಚಿಂತೆಯಿಲ್ಲ; ಅಂದು ಬರುತ್ತಿದ್ದುದು ಕೆಂಪು ನೀರು. ಒಳಗೆ ಏರಿ ಕರಗುತ್ತಿತ್ತು. ಅವನು ಮೆಲ್ಲಗೆ ನೀರುಗಂಟಿಗೆ ಹೇಳಿದ.

"ನೀನು ಕೊಡೆ ನೋಡ್ಕ. ಕೆರೆ ನಂದು," ಎಂದ ನೀರುಗಂಟಿ.

ಕಾಟಯ್ಯ ಒಮ್ಮೆ ತನ್ನ ಕೈ ನೋಡಿಕೊಂಡ, ಒಮ್ಮೆ ಹಟ್ಟಿಯತ್ತ ನೋಡಿದ. "ಹಂಗಾರೆ ಕೊಡೆ ನೀನೇ ಹಿಡ್ಕಣಣ್ಣ. ನಿನ್ ಕೆಲ್ಸ ನಾನ್ ಮಾಡ್ಕಂಡ್ ಬತ್ತೀನಿ."

ಹಿಡಿಕೆ ನೀರುಗಂಟಿಯ ಕೈಗೆ ಬಂದಾಗಿತ್ತು. ಬಿಟ್ಟರೆ ಹೋಗುವುದು ಈಗ ಅವನ ಕೈ. ಕಾಟಯ್ಯ ಎದೆಮಟ್ಟದ ನೀರಿಗಿಳಿದು ಬಿಲ ಹುಡುಕಿ, ಹುಲ್ಲು ಮಣ್ಣು ತುರುಕಿ ತುಳಿದ. ಜಿನುಗು ತಿಳಿಯಾಯಿತು. ಕೆಸರು ಮೆತ್ತಿಕೊಂಡು ಬಂದವನಿಗೆ ಶಿಕ್ಷೆಯಾಗಲಿ ಎಂದು ಪುರೋಹಿತರು ಕಟ್ಟಳೆ ಓದಿದರು. ನಾಯಕ ತಲೆಯೆತ್ತಿ ನೋಡಿದ. ನೀರುಗಂಟಿ ಬೆವರುತ್ತ ಸತ್ತಿಗೆಯನ್ನು ನೆಟ್ಟಗೆ ಹಿಡಿದು ನಿಂತಿದ್ದ.

"ನೆರಳು ಸರಿದೇ ಇಲ್ವಲ್ರೀ," ಎಂದು ನಾಯಕ ನಕ್ಕ.

ಕಾಟಯ್ಯನಿಗೆ ರುಮಾಲು ಸಿಗಲಿಲ್ಲ. ಇನ್ನು ಮೇಲೆ ಬಾಗಿನಕ್ಕೆ ಮೊದಲು ಸತ್ತಿಗೆಯವನು ಏರಿಯ ಹಿಂಬದಿ ನೋಡಿಬರತಕ್ಕದ್ದು ಎಂದು ಅಪ್ಪಣೆಯಾಯಿತು. ಸುಮ್ಮನೆ ಮಾಡುತ್ತಿದ್ದುದನ್ನು ಅಪ್ಪಣೆಯಂತೆ ಮಾಡುವುದು. ಬಡ್ತಿ ಎಂದರೆ ಅಷ್ಟೇ.

ಕಥೆ ಎಷ್ಟು ನಿಜವೋ ತಿಳಿಯದು. ಆದರೆ ಇಂದಿಗೂ ಕೆರೆ ತುಂಬಿದ ವರ್ಷ ಬಾಗಿನಕ್ಕೆ ಶಾಸಕರು ಬಂದರೆ, ಕೊಡೆ ಹಿಡಿಯಬೇಕಾದವನು ಮೊದಲು ಏರಿಯ ಹಿಂದೆ ಇಳಿದು ನೀರಿನ ಬಣ್ಣ ನೋಡುತ್ತಾನೆ. ಅವನಿಗೆ ಅವಸರವಿರುವುದಿಲ್ಲ. ಅವನು ಹತ್ತಿ ಬರುವವರೆಗೆ ಶಾಸಕರು ಬಿಸಿಲಿನಲ್ಲಿ ನಿಂತಿರುತ್ತಾರೆ.